ಕೇಳುವವನು ಓದುಗನಲ್ಲವೆ?

ಈಚೆಗೆ ನಮ್ಮ ಸಾಹಿತ್ಯ ವಲಯದಲ್ಲಿ ಒಂದು ಹೊಸ ಮಡಿ ಕಾಣಿಸಿಕೊಂಡಿದೆ. ಹಿಂದೆ ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದರು; ಈಗ ಕೇಳಿದರೆ ಮೈಲಿಗೆ ಎನ್ನುತ್ತಾರೆ. ಪುಸ್ತಕವನ್ನು ಕೈಯಲ್ಲಿ ಹಿಡಿದು ಕಣ್ಣಿನಿಂದ ಓದಿದವನು ಓದುಗ. ಅದೇ ಪುಸ್ತಕದ ಅದೇ ಮಾತುಗಳನ್ನು, ಒಂದಕ್ಷರವೂ ಬಿಡದಂತೆ, ಇನ್ನೊಬ್ಬರ ಬಾಯಿಂದ ಕೇಳಿದವನು ಮಾತ್ರ ಓದುಗನಲ್ಲ. ಅವನು ಹೊತ್ತು ಕಳೆಯುವವನು. ಕೆಲವು ತಿಂಗಳ ಹಿಂದೆ ನಾನು ಹೋಗಿದ್ದ ಒಂದು ವಿಚಾರಗೋಷ್ಠಿಯಲ್ಲಿ ವಿದ್ವಾಂಸರೊಬ್ಬರು ಈ ಮಾತನ್ನು ಇನ್ನೂ ಚುರುಕಾಗಿ ಹೇಳಿದರು: "ಕೇಳುಪುಸ್ತಕವೆಂಬುದು ಸೋಮಾರಿಗಳ ಸಾಹಿತ್ಯ." ಸಭೆ ಚಪ್ಪಾಳೆ ತಟ್ಟಿತು. ಊಟದ ಹೊತ್ತಿನಲ್ಲಿ ಅವರೇ ಇನ್ನೊಂದು ಮಾತನ್ನೂ ಸೇರಿಸಿದರು: "ಅದರಲ್ಲಿಯೂ ಜನ ಕೇಳುವುದೇನು? ಕತ್ತಿ, ಕುದುರೆ, ಕೋಟೆ!" ಚಪ್ಪಾಳೆ ತಟ್ಟಿದ ಮಹನೀಯರೆಲ್ಲರೂ ಅವರ ಉಪನ್ಯಾಸವನ್ನು ಕಿವಿಯಿಂದಲೇ ಗ್ರಹಿಸಿದ್ದರೆಂಬುದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ.

ಈ ಎರಡು ಮಾತುಗಳೂ ತಪ್ಪೆಂದು ನಾನು ವಾದಿಸಬೇಕಾಗಿದೆ. ಕೇಳುವುದು ಓದಿಗಿಂತ ಕೀಳೆಂಬುದೂ ತಪ್ಪು. ಯುದ್ಧದ ಕಥೆಯನ್ನು ಇಷ್ಟಪಟ್ಟು ಕೇಳುವವನು ರುಚಿಗೇಡಿಯೆಂಬುದೂ ತಪ್ಪು. ಇದು ಬರಿಯ ವಾಕ್ಕಲಹವಾಗಿದ್ದರೆ ಪತ್ರಿಕೆಯ ಕಾಲಂಗಳನ್ನು ನಾನು ವ್ಯರ್ಥಮಾಡುತ್ತಿರಲಿಲ್ಲ. ಈ ಮಡಿಯಿಂದ ನಿಜವಾಗಿ ನಷ್ಟಪಡುತ್ತಿರುವ ಜನರಿದ್ದಾರೆ. ಅವರಲ್ಲಿ ಒಬ್ಬರನ್ನು ನಾನು ಬಲ್ಲೆ.

ಕಡೂರು ತಾಲ್ಲೂಕಿನ ಹೋಬಳಿ ಊರು ಯಗಟಿ. ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಪಟ್ಟಣದ ಓದುಗರ ಕಣ್ಣಿಗೆ ಕಾಫಿಯ ತೋಟವೂ ಮಂಜೂ ಬರುತ್ತವೆ. ಯಗಟಿ ಅಂಥ ಮಲೆನಾಡಲ್ಲ, ಅದು ಬಯಲುಸೀಮೆ. ರಾಗಿಯ ಹೊಲ, ತೆಂಗಿನ ತೋಟ, ಮಳೆಗಾಗಿ ಮುಗಿಲು ನೋಡುವ ಜನ. ಜಿಲ್ಲೆಯ ಗಡಿ ದಾಟಿದರೆ ಹೊಸದುರ್ಗದ ಸೀಮೆ; ಅದರಾಚೆಗೆ ಚಿತ್ರದುರ್ಗ. ಈ ಊರಿನಲ್ಲಿ ನನಗೆ ಬಳಕೆಯಿರುವ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಪತ್ರಿಕೆಯಲ್ಲಿ ಹೆಸರು ಬರುವುದು ಅವರಿಗೆ ಬೇಡ. ಊರವರೂ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಮಿಲ್ಟ್ರಿ ಅಜ್ಜ' ಎನ್ನುತ್ತಾರೆ. ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿ ಅವರು ದುಡಿದವರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರು ನೆಲದಲ್ಲಿ ಹೂತಿಟ್ಟ ಮೈನುಗಳನ್ನು ಹುಡುಕಿ ತೆಗೆಯುವುದು ಆ ಪಡೆಯ ಕೆಲಸ. 1971ರ ಡಿಸೆಂಬರಿನಲ್ಲಿ ಪಶ್ಚಿಮದ ಗಡಿಯಲ್ಲಿ, ಹಿಂದಿನಿಂದ ಬರುವ ನಮ್ಮ ಟ್ಯಾಂಕುಗಳಿಗಾಗಿ ಮೈನು ತೆಗೆದು ದಾರಿಮಾಡಿಕೊಟ್ಟವರಲ್ಲಿ ಅವರೂ ಒಬ್ಬರು. ಈಗ ಅವರಿಗೆ ಎಪ್ಪತ್ತೈದು ದಾಟಿದೆ. ಗ್ಲಾಕೋಮಾ ಎಂಬ ಕಣ್ಣಿನ ರೋಗದಿಂದ ದೃಷ್ಟಿ ಬಹುಪಾಲು ಹೋಗಿದೆ. ಆಳು ಬಂದರೆ ಆಕಾರ ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ.

ಇವರು ಈಗ ತ.ರಾ.ಸು. ಅವರ 'ದುರ್ಗಾಸ್ತಮಾನ'ವನ್ನು ಎರಡನೆಯ ಸಲ ಕೇಳುತ್ತಿದ್ದಾರೆ. ಕಡೂರಿನಲ್ಲಿ ಬಿ.ಎ. ಓದುತ್ತಿರುವ ಮೊಮ್ಮಗಳು ದಿನಕ್ಕೆ ಒಂದಿಷ್ಟು ಪುಟಗಳನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ಧ್ವನಿ ಹಿಡಿದು ಇಟ್ಟಿದ್ದಾಳೆ. ಬೆಳಗಿನ ಜಾವದಲ್ಲಿ ಮತ್ತು ದೀಪ ಹಚ್ಚಿದ ಮೇಲೆ ಅಜ್ಜ ಜಗಲಿಯ ಮೇಲೆ ಕುಳಿತು ಅದನ್ನು ಕೇಳುತ್ತಾರೆ. ಹುಡುಗಿಯ ಧ್ವನಿಯಲ್ಲಿ ಕೆಮ್ಮೂ ಇದೆ, ನಡುವೆ ಕೋಳಿ ಕೂಗಿದ್ದೂ ಇದೆ. ಮಹಾಪ್ರಾಣ ತಪ್ಪಿದ ಕಡೆ ಅಜ್ಜ ತಡೆದು ತಿದ್ದುತ್ತಾರೆ. ಹೀಗೆ ತಿದ್ದುವವರನ್ನು ಸೋಮಾರಿಯೆಂದು ಕರೆಯುವ ಧೈರ್ಯ ಆ ವಿದ್ವಾಂಸರಿಗಿದ್ದರೆ ಯಗಟಿಗೆ ಬಸ್ಸು ಇದೆ.

ಮೊದಲು 'ಓದು' ಎಂಬ ಮಾತನ್ನೇ ಹಿಡಿಯೋಣ. ಕಿಟ್ಟೆಲ್ಲರು 1894ರಲ್ಲಿ ಪ್ರಕಟಿಸಿದ ನಿಘಂಟನ್ನು ತೆರೆದರೆ ಈ ಧಾತುವಿಗೆ ಬಾಯಿಬಿಟ್ಟು ಉಚ್ಚರಿಸುವುದೆಂಬ ಅರ್ಥವೂ ಸಿಕ್ಕುತ್ತದೆ. ನಿಘಂಟಿನವರೆಗೂ ಹೋಗಬೇಕಾಗಿಲ್ಲ, ಮದುವೆಯ ಮನೆಗೆ ಹೋದರೆ ಸಾಕು. ಅಲ್ಲಿ ಮುಯ್ಯಿ ಓದಿಸುತ್ತಾರೆ. ಓದಿಸುವುದೆಂದರೆ ಯಾರು ಎಷ್ಟು ಕೊಟ್ಟರೆಂಬುದನ್ನು ನಾಲ್ಕು ಜನಕ್ಕೆ ಕೇಳುವಂತೆ ಕೂಗಿ ಹೇಳಿಸುವುದು. ಬಾಯಿ ಮುಚ್ಚಿಕೊಂಡು ತುಟಿ ಅಲುಗಿಸದೆ ಒಬ್ಬನೇ ಮೂಲೆಯಲ್ಲಿ ಓದುವುದೇ ನಿಜವಾದ ಓದೆಂಬ ನಂಬಿಕೆ ನಮಗೆ ಅಚ್ಚಿನ ಯಂತ್ರದೊಡನೆಯೂ ಪರೀಕ್ಷೆಯ ಕೊಠಡಿಯೊಡನೆಯೂ ಬಂದದ್ದು. ಅದಕ್ಕೆ ಮುಂಚೆ ಓದೆಂದರೆ ಒಬ್ಬರ ಬಾಯಿ, ಹಲವರ ಕಿವಿ. ವಿದ್ಯಾವಂತನನ್ನು ನಮ್ಮ ಹಿರಿಯರು 'ಬಹುಶ್ರುತ'ನೆಂದರು. ಬಹಳ ಕೇಳಿದವನೆಂದು ಅದರ ಅರ್ಥ. ಬಹಳ ಕಂಡವನೆಂದು ಅವರು ಹೇಳಲಿಲ್ಲ.

ಕಾವ್ಯಮೀಮಾಂಸೆಯ ಮೊದಲ ಪಾಠವನ್ನು ನೆನಪಿಸಿಕೊಳ್ಳಿ. ಕಾವ್ಯ ಎರಡು ಬಗೆ: ದೃಶ್ಯ ಮತ್ತು ಶ್ರವ್ಯ. ರಂಗದ ಮೇಲೆ ಆಡುವ ನಾಟಕ ದೃಶ್ಯ, ಉಳಿದದ್ದು ಶ್ರವ್ಯ. ಪದ್ಯ ಮಾತ್ರ ಶ್ರವ್ಯವೆಂದು ತಿಳಿಯಬೇಡಿ. ಬಾಣಭಟ್ಟನ 'ಕಾದಂಬರಿ' ಗದ್ಯ, ಅದೂ ಶ್ರವ್ಯವೇ. ನಾವು ಯಾವ ಸಾಹಿತ್ಯಪ್ರಕಾರವನ್ನು ಕಾದಂಬರಿಯೆಂದು ಕರೆದು ಅದು ಕಣ್ಣಿಗಾಗಿಯೇ ಹುಟ್ಟಿದ್ದೆಂದು ವಾದಿಸುತ್ತೇವೆಯೋ, ಆ ಪ್ರಕಾರಕ್ಕೆ ಹೆಸರು ಕೊಟ್ಟ ಕೃತಿಯನ್ನೇ ಲಾಕ್ಷಣಿಕರು ಕಿವಿಯ ಪಾಲಿಗೆ ಬರೆದಿಟ್ಟಿದ್ದಾರೆ. ಇನ್ನು ಕನ್ನಡದ ಮಟ್ಟಿಗೆ ಹೇಳುವುದಾದರೆ, ನಮಗೆ ದೊರೆತಿರುವ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ, ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಈ ನಾಡಿನ ಜನರನ್ನು ಕುರಿತು, ಕುಳಿತು ಕಲಿಯದೆಯೂ ಕಾವ್ಯದ ಬಳಕೆಯಲ್ಲಿ ಪಳಗಿದವರೆಂದು ಹೆಮ್ಮೆಪಡುತ್ತದೆ. ಕಲಿಯದೆ ಪಳಗುವುದು ಹೇಗೆ? ಕೇಳಿ ಪಳಗಬೇಕು, ಬೇರೆ ದಾರಿಯಿಲ್ಲ.

ಈ ಮಾತಿಗೆ ಯಗಟಿಯ ಸುತ್ತಮುತ್ತಲ ನೆಲವೇ ಸಾಕ್ಷಿ. 'ಜೈಮಿನಿ ಭಾರತ'ವನ್ನು ಬರೆದ ಲಕ್ಷ್ಮೀಶ ಇದೇ ಕಡೂರು ತಾಲ್ಲೂಕಿನ ದೇವನೂರಿನವನೆಂದು ಪರಂಪರೆ ಹೇಳುತ್ತದೆ. ಅವನ ದೇವಪುರ ಯಾವುದೆಂಬುದರ ಬಗ್ಗೆ ಪಂಡಿತರಲ್ಲಿ ವಾದವಿದ್ದರೂ, ಕಡೂರಿನ ಜನರಿಗೆ ಆ ಸಂಶಯವಿಲ್ಲ. 'ಜೈಮಿನಿ ಭಾರತ'ವೆಂದರೇನು? ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ ಅರ್ಜುನನು ದೇಶದಿಂದ ದೇಶಕ್ಕೆ ನಡೆಸಿದ ದಂಡಯಾತ್ರೆ. ಸುಧನ್ವನ ಕಾಳಗ, ಬಭ್ರುವಾಹನನ ಕಾಳಗ, ನಡುವೆ ಲವಕುಶರ ಕಾಳಗ. ಆ ವಿದ್ವಾಂಸರ ಮಾತಿನಲ್ಲಿಯೇ ಹೇಳುವುದಾದರೆ ಕತ್ತಿ, ಕುದುರೆ, ಕೋಟೆ! ಅಕ್ಷರದ ಗಂಧವಿಲ್ಲದ ಎಷ್ಟೋ ತಾಯಂದಿರು ಚಂದ್ರಹಾಸನ ಕಥೆಯನ್ನು ಬಾಯಲ್ಲಿಯೇ ಇಟ್ಟುಕೊಂಡಿದ್ದರು. ಅವರು ಓದಿದವರಲ್ಲ, ಕೇಳಿದವರು. ಅವರನ್ನು ಲೆಕ್ಕದಿಂದ ಬಿಟ್ಟರೆ ಲಕ್ಷ್ಮೀಶನಿಗೆ ಓದುಗರೆಂದು ಉಳಿಯುವವರು ನನ್ನಂಥ ಕೆಲವು ಉಪಾಧ್ಯಾಯರು, ಅದೂ ಪಠ್ಯದಲ್ಲಿ ಇಟ್ಟ ವರ್ಷ ಮಾತ್ರ.

ವಾಚನಕ್ಕೆ ನಮ್ಮಲ್ಲಿ ಗಮಕವೆಂಬ ಒಂದು ಪೂರ್ಣ ಕಲೆಯೇ ಇದೆ. ಜೋಳದರಾಶಿ ದೊಡ್ಡನಗೌಡರಂಥವರು ಕುಮಾರವ್ಯಾಸನನ್ನು ಊರೂರಿಗೆ ಮುಟ್ಟಿಸಿದರು. ಕಡೂರಿನಿಂದ ತರೀಕೆರೆ ದಾಟಿ ಹೋದರೆ ಸಿಕ್ಕುವ ಶಿವಮೊಗ್ಗದ ಬಳಿಯ ಹೊಸಹಳ್ಳಿ ಗಮಕದ ಊರೆಂದೇ ಪ್ರಸಿದ್ಧ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಪದ್ಮಶ್ರೀ ಬಂದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಗಮಕಿಗೆ ಮಾಲೆ ಹಾಕಿ, ಗಮಕವನ್ನು ಕೇಳಿದವನಿಗೆ ಮಾತ್ರ ಸೋಮಾರಿಯೆಂಬ ಬಿರುದು ಕೊಡುವುದು ಯಾವ ನ್ಯಾಯ?

ಕೆಲವರು ಹೇಳಬಹುದು: "ಅದೆಲ್ಲ ಪುರಾಣ; ಇತಿಹಾಸದ ಯುದ್ಧ ಬೇರೆ." ಬೇರೆಯೇನೂ ಅಲ್ಲ. ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸುವುದಿಲ್ಲವೆಂದು 1857ರಲ್ಲಿ ತಿರುಗಿಬಿದ್ದದ್ದನ್ನು ನಮ್ಮ ಜನ ಲಾವಣಿಯಲ್ಲಿ ಕೇಳಿದರು. ಆಮೇಲೆ, 1880ರ ದಶಕದಲ್ಲಿ, ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಇಂಥ ಲಾವಣಿಗಳನ್ನು ಸಂಗ್ರಹಿಸಿ ಅಚ್ಚುಹಾಕಿದ. ಆಳುವ ಸರ್ಕಾರದ ಅಧಿಕಾರಿಗೂ ಈ ಹಾಡುಗಳಲ್ಲಿ ಸಾಹಿತ್ಯ ಕಂಡಿತು. ಕರಾವಳಿಯಲ್ಲಿ ತಾಳಮದ್ದಳೆಯಿದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಮಾತಾಡುವುದಷ್ಟೆ. ಆ ಮಾತಿನಲ್ಲಿಯೇ ಕರ್ಣಾರ್ಜುನರ ಯುದ್ಧ ನಡೆಯುತ್ತದೆ. ಕಾಸರಗೋಡಿನ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು ಜನ ಕ್ಯಾಸೆಟ್ಟಿನಲ್ಲಿ ಕೊಂಡು ಮನೆಗಳಲ್ಲಿ ಮತ್ತೆ ಮತ್ತೆ ಕೇಳಿದರು. ಆ ಕ್ಯಾಸೆಟ್ಟು ಈಗ ಫೋನಾಗಿದೆ. ಅಷ್ಟೇ ವ್ಯತ್ಯಾಸ.

ಇನ್ನು ಈ ಕೇಳುಪುಸ್ತಕವೆಂಬ ಉಪಕರಣದ ಹುಟ್ಟನ್ನು ನೋಡಿ. ಅದು ಪಡಸಾಲೆಯಲ್ಲಿ ಕಾಲು ಚಾಚಿದವರಿಗಾಗಿ ಹುಟ್ಟಿದ್ದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಇಂಗ್ಲೆಂಡಿನಲ್ಲಿ 1915ರಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ಸಂಸ್ಥೆ ಹುಟ್ಟಿತು. 1916ರಲ್ಲಿ ಸೋಮ್ ನದಿಯ ಕದನದಲ್ಲಿ ಕುರುಡನಾದ ಕ್ಯಾಪ್ಟನ್ ಇಯನ್ ಫ್ರೇಸರ್ ಆಮೇಲೆ ಆ ಸಂಸ್ಥೆಯ ಮುಖ್ಯಸ್ಥನಾದ. ಬೆರಳಿನಿಂದ ಓದುವ ಬ್ರೈಲ್ ಲಿಪಿ ದೊಡ್ಡ ವಯಸ್ಸಿನಲ್ಲಿ ಕುರುಡರಾದವರಿಗೆ, ಸಿಡಿಮದ್ದಿನಿಂದ ಬೆರಳೂ ಕೆಟ್ಟವರಿಗೆ, ಸುಲಭವಾಗಿ ಕೈವಶವಾಗುವುದಿಲ್ಲ. ಅದಕ್ಕಾಗಿ ಅವನೂ ಅವನ ಸಂಗಡಿಗರೂ ಪುಸ್ತಕಗಳನ್ನು ಗ್ರಾಮಫೋನ್ ತಟ್ಟೆಗಳಿಗೆ ಓದಿಸುವ ಪ್ರಯೋಗ ನಡೆಸಿದರು. 1935ರಲ್ಲಿ ಅಂಥ ಮೊದಲ ಪುಸ್ತಕಗಳು ಹೊರಬಂದವು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅದೇ ಹೆಸರಿನ ಒಂದು ನಿಲಯ ಡೆಹರಾಡೂನಿನಲ್ಲಿ ನಮ್ಮ ದೇಶದ ಕುರುಡು ಸೈನಿಕರಿಗಾಗಿ ತೆರೆಯಿತು. ಆದ್ದರಿಂದ ಯಗಟಿಯ ಹವಾಲ್ದಾರರು ಕೇಳುಪುಸ್ತಕವನ್ನು ಕೇಳುವಾಗ ಬೇರೆಯವರ ಸೊತ್ತನ್ನು ಎರವಲು ಪಡೆದಿಲ್ಲ. ಅದು ಸೈನಿಕರಿಗಾಗಿಯೇ ಬೆಳೆದ ಸಾಧನ.

ಅದೇ 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 1965ರಲ್ಲಿ ಭದ್ರಾವತಿಯ ಆಕಾಶವಾಣಿ ಕೇಂದ್ರ ಬಂದಿತು. ಹವಾಲ್ದಾರರು ಆಗ ಹುಡುಗ. ಮನೆಯಲ್ಲಿ ರೇಡಿಯೋ ಇರಲಿಲ್ಲ, ಸಾಹುಕಾರರ ಅಂಗಡಿಯ ಮುಂದೆ ನಿಂತು ಗಮಕವನ್ನೂ ನಾಟಕವನ್ನೂ ಕೇಳಿದ್ದರಂತೆ. "ನಾನು ಸೈನ್ಯಕ್ಕೆ ಸೇರಿದ್ದಕ್ಕೆ ಅರ್ಧ ಕಾರಣ ಬಡತನ, ಅರ್ಧ ಕಾರಣ ಆ ರೇಡಿಯೋ" ಎನ್ನುತ್ತಾರೆ. ಕೇಳಿದ್ದು ಮನಸ್ಸಿಗೆ ಇಳಿಯುವುದಿಲ್ಲ, ಮೇಲೆ ಮೇಲೆ ತೇಲಿಹೋಗುತ್ತದೆ ಎನ್ನುವವರು ಈ ಮಾತನ್ನು ಯೋಚಿಸಲಿ.

ಈಗ ಎರಡನೆಯ ಆಕ್ಷೇಪಕ್ಕೆ ಬರುತ್ತೇನೆ. ಯುದ್ಧದ ಕಾದಂಬರಿಗಳು ರಕ್ತವನ್ನು ಬಿಸಿಮಾಡುತ್ತವೆ, ವಿಚಾರವನ್ನು ತಣ್ಣಗಾಗಿಸುತ್ತವೆ. ಕಿವಿಯಲ್ಲಿ ಕೇಳಿದರಂತೂ ಅಮಲು ಇನ್ನೂ ಬೇಗ ಏರುತ್ತದೆ ಎಂಬುದು ಈ ಆಕ್ಷೇಪದ ಸಾರ. ಹೀಗೆ ಹೇಳುವವರಲ್ಲಿ ಯುದ್ಧ ಕಂಡವರು ಎಷ್ಟು ಮಂದಿ? ಯುದ್ಧ ಕಂಡವನು ಯುದ್ಧದ ಕಥೆಯನ್ನು ಹೇಗೆ ಕೇಳುತ್ತಾನೆಂಬುದನ್ನು ಯಗಟಿಯಲ್ಲಿ ನೋಡಬಹುದು.

ಒನಕೆ ಓಬವ್ವನ ಕಥೆ ನಮಗೆಲ್ಲ ಗೊತ್ತು. ಕಾವಲಿನವನು ಊಟಕ್ಕೆ ಮನೆಗೆ ಬಂದಿದ್ದಾನೆ. ನೀರಿಗೆ ಹೋದ ಹೆಂಡತಿ, ಬಂಡೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುತ್ತಿರುವುದನ್ನು ಕಂಡು ಒನಕೆ ಹಿಡಿಯುತ್ತಾಳೆ. ಪಠ್ಯಪುಸ್ತಕ ಇಲ್ಲಿ ಜಯಕಾರ ಹಾಕಿ ಮುಗಿಸುತ್ತದೆ. ಹವಾಲ್ದಾರರು ಒಂದು ಸಂಜೆ ಈ ಕಥೆಯ ಮಾತು ಬಂದಾಗ ನನ್ನನ್ನು ಕೇಳಿದರು: "ಅಲ್ಲ ಮೇಷ್ಟ್ರೇ, ಅವನು ಉಣ್ಣೋಕೆ ಹೋದಾಗ ಬದಲಿ ಕಾವಲು ಯಾಕಿರಲಿಲ್ಲ? ಆ ತಾಯಿಗೆ ಕೈಮುಗೀಬೇಕು, ಸರಿ. ಆದ್ರೆ ಬದಲಿ ಹಾಕದ ಜಮಾದಾರನ್ನ ಮೊದಲು ಹಿಡಿದು ಕೇಳ್ಬೇಕು." ಓಬವ್ವನ ಮೇಲೆ ಎಷ್ಟೋ ಲೇಖನಗಳನ್ನು ಓದಿದ್ದೇನೆ, ಈ ಪ್ರಶ್ನೆಯನ್ನು ಯಾವುದರಲ್ಲಿಯೂ ಕಂಡಿಲ್ಲ. ಇದು ರಕ್ತ ಬಿಸಿಯಾದವನ ಪ್ರಶ್ನೆಯೆ? ಒಬ್ಬ ಹೆಂಗಸಿನ ಸಾಹಸದ ಹಿಂದೆ ಯಾರ ಅಜಾಗರೂಕತೆ ಅಡಗಿದೆಯೆಂದು ಕೇಳುವ ಇದಕ್ಕಿಂತ ತಣ್ಣನೆಯ ವಿಮರ್ಶೆಯನ್ನು ನಮ್ಮ ಗೋಷ್ಠಿಗಳಲ್ಲಿ ಕೇಳುವುದು ಕಷ್ಟ.

ಕೋಟೆಗೆ ಮುತ್ತಿಗೆ ಬಿದ್ದ ಭಾಗ ಬಂದಾಗ ಅವರು ಎಣಿಸುವುದು ಹೆಣಗಳನ್ನಲ್ಲ. ನೀರನ್ನು, ಕಾಳನ್ನು, ಮದ್ದನ್ನು. ಮೊಮ್ಮಗಳನ್ನು ಕೇಳುತ್ತಾರೆ: ಒಳಗೆ ಎಷ್ಟು ಜನ? ನೀರಿಗೆ ಏನು ಮಾಡಿದರು? ಏಳು ಸುತ್ತಿನ ಕೋಟೆಯ ಒಳಗಿನ ಗೋಪಾಲಸ್ವಾಮಿ ಹೊಂಡ, ಸಿಹಿನೀರು ಹೊಂಡ, ಅಕ್ಕ-ತಂಗಿಯರ ಹೊಂಡ, ಕಣಜಗಳು, ಎಣ್ಣೆಯ ಕೊಳಗಳು ಇವುಗಳನ್ನು ಅವಳು ಒಂದೊಂದಾಗಿ ಹೇಳಬೇಕು. ನಾವು ದುರ್ಗಕ್ಕೆ ಹೋದಾಗ ಅವು ಪ್ರವಾಸಿಗರ ಚಿತ್ರಕ್ಕೆ ಹಿನ್ನೆಲೆ. ಅವರಿಗೆ ಅವೇ ಕಥೆ. ಅಷ್ಟು ನೀರು, ಅಷ್ಟು ಕಲ್ಲು ಇದ್ದೂ 1779ರಲ್ಲಿ ಕೋಟೆ ಬಿದ್ದಿತಲ್ಲಾ ಎಂಬಲ್ಲಿ ಅವರು ಸುಮ್ಮನಾಗುತ್ತಾರೆ. ಸೋಲಿನ ಹಿಂದಿನ ರಾತ್ರಿಯ ಪುಟಗಳನ್ನು ಮೊದಲ ಸಲ ಕೇಳುವಾಗ ಫೋನನ್ನು ನಿಲ್ಲಿಸಿ, ಎರಡು ದಿನ ಮುಂದಕ್ಕೆ ಕೇಳಲಿಲ್ಲವಂತೆ.

ಕನ್ನಡದಲ್ಲಿ 'ಕಾದು' ಎಂಬ ಮಾತು ವಿಚಿತ್ರವಾದದ್ದು. ಹೋರಾಡು ಎಂಬ ಅರ್ಥದ ಧಾತುವೂ ಅದೇ. ಕಾವಲಿದ್ದು, ದಾರಿ ನೋಡಿ ಎಂಬ ಅರ್ಥದ ರೂಪವೂ ಅದೇ. ಕಾದುವುದನ್ನು ಮಾತ್ರ ಬಲ್ಲವನು ಕತ್ತಿಯ ಕಾದಂಬರಿ ಬರೆಯುತ್ತಾನೆ. ಕಾಯುವುದನ್ನೂ ಬಲ್ಲವನು ಯುದ್ಧದ ಕಾದಂಬರಿ ಬರೆಯುತ್ತಾನೆ. ಈ ವ್ಯತ್ಯಾಸವನ್ನು ಕಿವಿಯಿಂದ ಹಿಡಿದು ತೋರಿಸಿದವರು ಈ ಹವಾಲ್ದಾರರು. ಅವರು ಎಲ್ಲವನ್ನೂ ಮೆಚ್ಚುವವರಲ್ಲ. ಒಬ್ಬನೇ ನಾಯಕ ನೂರು ಜನರನ್ನು ಕಡಿದನೆಂದು ಬಂದರೆ "ಇವನು ದಂಡು ನೋಡಿಲ್ಲ" ಎಂದು ಬರೆದವನ ಮೇಲೆ ತೀರ್ಪು ಕೊಟ್ಟು ಮುಂದಕ್ಕೆ ಹಾಯಿಸಲು ಹೇಳುತ್ತಾರೆ. ಆದಿಕವಿ ಪಂಪನು ಕವಿಯೂ ಆಗಿದ್ದ, ಕಲಿಯೂ ಆಗಿದ್ದ. 941ರ 'ವಿಕ್ರಮಾರ್ಜುನ ವಿಜಯ'ವನ್ನು ದಂಡು ಕಂಡವರೂ ಕೇಳಿರಬೇಕು. ನಮ್ಮ ಮೊದಲ ಮಹಾಕಾವ್ಯಗಳಿಗೆ ಸೈನಿಕನು ಶ್ರೋತೃವಾಗಲು ಯೋಗ್ಯನಾಗಿದ್ದರೆ, ಇಂದಿನ ಕಾದಂಬರಿಗೆ ಅವನು ಅಯೋಗ್ಯನಾದದ್ದು ಯಾವಾಗ?

ಐತಿಹಾಸಿಕ ಕಾದಂಬರಿಯೆಂದರೆ ಮೂಗು ಮುರಿಯುವವರಿಗೆ ಇನ್ನೊಂದು ಮಾತು. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಬರೆದ ತ.ರಾ.ಸು. ಅವರು 1982ರಲ್ಲಿ 'ದುರ್ಗಾಸ್ತಮಾನ'ವನ್ನು ಕೊಟ್ಟು 1984ರಲ್ಲಿ ತೀರಿಕೊಂಡರು. 1985ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕೊಡಗಿನ ಕೊನೆಯ ಅರಸನ ಪತನವನ್ನು ಹೇಳುವ ಮಾಸ್ತಿಯವರ 'ಚಿಕವೀರ ರಾಜೇಂದ್ರ' 1956ರದು. ಮಾಸ್ತಿಯವರು 1983ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು. ಇವೆರಡೂ ಗೆಲುವಿನ ಕಥೆಗಳಲ್ಲ, ಬೀಳುವ ಕಥೆಗಳು. ಗೆಲುವಿನ ಅಮಲು ಬೇಕಾದವನು ಇವುಗಳನ್ನು ಕೇಳಲು ಕುಳಿತುಕೊಳ್ಳುವುದಿಲ್ಲ.

ಎದುರು ಪಕ್ಷದಲ್ಲಿ ಒಂದು ಮಾತು ನ್ಯಾಯವಾದದ್ದಿದೆ, ಅದನ್ನು ಮರೆಮಾಚುವುದಿಲ್ಲ. ಕಣ್ಣು ಹಿಂದಿನ ಪುಟಕ್ಕೆ ಹೋಗಬಲ್ಲದು. ಕಿವಿ ಹೋಗುವುದು ಕಷ್ಟ. ಐವತ್ತು ಪಾತ್ರಗಳ ಕಾದಂಬರಿಯಲ್ಲಿ ದಳವಾಯಿ ಯಾರು, ಪ್ರಧಾನಿ ಯಾರು, ಯಾರು ಯಾರಿಗೆ ಮಲಮಗ ಎಂಬುದು ಕೇಳುವವನಿಗೆ ಗೊಂದಲವಾಗುತ್ತದೆ. ಇದು ನಿಜ. ಆದರೆ ನಮ್ಮ ಹಿರಿಯರಿಗೆ ಇದು ತಿಳಿಯದ ಸಂಗತಿಯೆ? ಗಮಕದ ಪಕ್ಕದಲ್ಲಿ ವ್ಯಾಖ್ಯಾನವನ್ನು ಇಟ್ಟದ್ದು ಇದಕ್ಕಾಗಿಯೇ. ವಾಚನಕಾರ ಪದ್ಯ ಹೇಳುತ್ತಾನೆ. ವ್ಯಾಖ್ಯಾನಕಾರ ಹಿಂದಿನದನ್ನು ನೆನಪಿಸಿ ಮುಂದಿನದಕ್ಕೆ ಹಾದಿ ಮಾಡುತ್ತಾನೆ. ಕೇಳುಪುಸ್ತಕದ ಪ್ರತಿ ಅಧ್ಯಾಯದ ಮೊದಲಲ್ಲಿ ಎರಡು ನಿಮಿಷ ಇಂಥ ನಿರೂಪಣೆಯನ್ನು ಸೇರಿಸಿದರೆ ಕೊರತೆ ನೀಗುತ್ತದೆ. ದೋಷ ಕಿವಿಯದಲ್ಲ, ಕಿವಿಗೆ ಬಡಿಸುವವನದು.

ಬಡಿಸುವವರ ಬಗ್ಗೆಯೂ ನನ್ನ ದೂರಿದೆ. ಈಗ ಸಿಕ್ಕುವ ಕೆಲವು ಧ್ವನಿಮುದ್ರಣಗಳಲ್ಲಿ ಯುದ್ಧವೆಂದೊಡನೆ ಢಮ್ಮೆಂದು ವಾದ್ಯ ಬಾರಿಸುತ್ತಾರೆ. ಕುದುರೆಯ ಖುರಪುಟ, ಕತ್ತಿಯ ಖಣಖಣ, ಕೊನೆಗೆ ಸಿನಿಮಾದ ಕೊಳಲು. ಒಂದನ್ನು ಕೇಳಿ ಹವಾಲ್ದಾರರು ಹೇಳಿದ್ದು ಇಷ್ಟೆ: "ಯುದ್ಧದಲ್ಲಿ ಸಂಗೀತ ಬರಲ್ಲ ಮೇಷ್ಟ್ರೇ. ಇದನ್ನ ತೆಗೀರಿ, ಮಾತು ಕೇಳ್ಸಲ್ಲ." ಇನ್ನು ಕೆಲವು ಕಡೆ ಯಂತ್ರವೇ ಓದುತ್ತದೆ. ಅದರ ಕನ್ನಡದಲ್ಲಿ ಉಸಿರಿಲ್ಲ. ನಿಲ್ಲಬೇಕಾದಲ್ಲಿ ಓಡುತ್ತದೆ, ಸಮಾಸದ ನಡುವೆ ನಿಲ್ಲುತ್ತದೆ. ರಾಜನ ಆಜ್ಞೆಗೂ ಬೇಹುಗಾರನ ಪಿಸುಮಾತಿಗೂ ಒಂದೇ ಸ್ವರ. ಅಗ್ಗವೆಂಬ ಒಂದೇ ಕಾರಣಕ್ಕೆ ಇದನ್ನು ಒಪ್ಪಿಕೊಂಡರೆ, ಆ ವಿದ್ವಾಂಸರ ಆಕ್ಷೇಪವನ್ನು ನಾವೇ ನಿಜಮಾಡಿದಂತಾಗುತ್ತದೆ. ಮೊಮ್ಮಗಳ ಕೆಮ್ಮು ಇದಕ್ಕಿಂತ ಸಾವಿರ ಪಾಲು ಮೇಲು. ಅದು ಅರ್ಥ ತಿಳಿದು ಓದುವವಳ ಕೆಮ್ಮು.

ಆದರೆ ಎಲ್ಲ ಅಜ್ಜಂದಿರಿಗೂ ಇಂಥ ಮೊಮ್ಮಗಳಿರುವುದಿಲ್ಲ. ಆದ್ದರಿಂದ ಮಾಡಬೇಕಾದ ಕೆಲಸಗಳನ್ನು ನೇರವಾಗಿ ಹೇಳುತ್ತೇನೆ.

ಮೊದಲನೆಯದು, ಗ್ರಂಥಾಲಯ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದು. ಪಟ್ಟಣದ ಓದುಗರು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕೊಡುತ್ತಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿವೆ. ಅವುಗಳಿಗೆ ಈಗ 'ಅರಿವು ಕೇಂದ್ರ'ವೆಂಬ ಚೆಲುವಾದ ಹೆಸರೂ ಬಂದಿದೆ. ಅರಿವು ಕಣ್ಣಿನಿಂದ ಮಾತ್ರ ಬರುತ್ತದೆಂದು ಯಾವ ಕಾಯಿದೆಯೂ ಹೇಳಿಲ್ಲ. ಪ್ರತಿ ಕೇಂದ್ರದಲ್ಲಿಯೂ ಒಂದಿಷ್ಟು ಕನ್ನಡ ಗ್ರಂಥಗಳು ಧ್ವನಿಯಲ್ಲಿಯೂ ಇರಲಿ. ವಾರಕ್ಕೊಂದು ಸಂಜೆ ಹಿರಿಯರು ಕುಳಿತು ಕೇಳಲಿ.

ಎರಡನೆಯದು, ಹಕ್ಕಿನ ಪ್ರಶ್ನೆ. ಲೇಖಕನು ತೀರಿಕೊಂಡ ಮೇಲೆ 60 ವರ್ಷ ಅವನ ಕೃತಿಗೆ ಹಕ್ಕು ಉಳಿಯುತ್ತದೆ, ಅದು ನ್ಯಾಯವೇ. ತ.ರಾ.ಸು., ಮಾಸ್ತಿಯವರ ಕೃತಿಗಳನ್ನು ಯಾರೂ ಹೇಳದೆ ಕೇಳದೆ ಮುದ್ರಿಸಿ ಮಾರುವಂತಿಲ್ಲ. ಆದರೆ ಕಣ್ಣು ಕಾಣದವರಿಗಾಗಿ, ಲಾಭದ ಆಸೆಯಿಲ್ಲದೆ, ಪುಸ್ತಕವನ್ನು ಧ್ವನಿರೂಪಕ್ಕೆ ತರಲು ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ 2013ರ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊಟ್ಟಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶ ನಮ್ಮದು. ಸಹಿ ಹಾಕುವುದರಲ್ಲಿ ಮೊದಲಿಗರಾದವರು ಓದಿ ಹೇಳುವುದರಲ್ಲಿ ಕೊನೆಯವರಾಗಬಾರದು. ಹಕ್ಕಿನ ಅವಧಿ ಮುಗಿದ ಕೃತಿಗಳಂತೂ ಎಲ್ಲರ ಸೊತ್ತು. 1942ರಲ್ಲಿ ತೀರಿಕೊಂಡ ಗಳಗನಾಥರು ವಿಜಯನಗರದ ಹುಟ್ಟನ್ನು ಕುರಿತು ಬರೆದ 'ಮಾಧವ ಕರುಣಾ ವಿಲಾಸ'ವನ್ನು ಧ್ವನಿಗೆ ತರಲು ಇಂದು ಯಾರ ಅಪ್ಪಣೆಯೂ ಬೇಕಿಲ್ಲ. ಬೇಕಾದದ್ದು ಒಂದು ಒಳ್ಳೆಯ ಕಂಠ, ಒಂದಷ್ಟು ತಾಳ್ಮೆ.

ಮೂರನೆಯದು ನನ್ನ ವೃತ್ತಿಗೆ ಸೇರಿದ್ದು. ಕನ್ನಡದ ಎಂ.ಎ. ಪಡೆದವನು ಒಂದು ಪುಟವನ್ನು ಎಡವದೆ, ಅರ್ಥ ಕೆಡದಂತೆ, ಹತ್ತು ಜನರ ಮುಂದೆ ಓದಬಲ್ಲನೆ ಎಂದು ನಮ್ಮ ಪರೀಕ್ಷೆಗಳು ಕೇಳುವುದಿಲ್ಲ. ಛಂದಸ್ಸಿನ ಗಣ ಹಾಕಿದರೆ ಅಂಕ. ಷಟ್ಪದಿಯನ್ನು ಷಟ್ಪದಿಯಾಗಿ ಓದಿದರೆ ಅಂಕವಿಲ್ಲ. ಕನ್ನಡ ವಿಭಾಗಗಳು ವಾಚನಕ್ಕೆ ಅಂಕ ಇಡಲಿ. ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಅರಿವು ಕೇಂದ್ರಕ್ಕಾಗಿ, ಹಕ್ಕಿನ ಬಂಧನವಿಲ್ಲದ ಒಂದು ಗ್ರಂಥದ ಕೆಲವು ಅಧ್ಯಾಯಗಳನ್ನು ಓದಿ ಧ್ವನಿ ಹಿಡಿದು ಕೊಡುವುದನ್ನು ಅವನ ಪದವಿಯ ಕೆಲಸವೆಂದು ಎಣಿಸಲಿ. ಅದನ್ನು ಅಧ್ಯಾಪಕರು ಕೇಳಿ, ತಿದ್ದಿ, ಒಪ್ಪಿದ ಮೇಲೆ ಹೊರಗೆ ಹೋಗಲಿ. ಖರ್ಚು ಕಡಮೆ, ಹುಡುಗರ ಉಚ್ಚಾರಣೆಗೆ ಆಗುವ ಲಾಭ ಬೇರೆ.

ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ಅಡ್ಡಿಯಾಗಿರುವುದು ಹಣವೂ ಅಲ್ಲ, ಕಾಯಿದೆಯೂ ಅಲ್ಲ. ಕೇಳುವವನು ನಮ್ಮ ಪಂಕ್ತಿಯವನಲ್ಲವೆಂಬ ಭಾವನೆ. ಪಂಕ್ತಿಭೇದವನ್ನು ಊಟದ ಮನೆಯಲ್ಲಿ ಖಂಡಿಸಿ ಭಾಷಣ ಮಾಡಿದ ನಾವು ಪುಸ್ತಕದ ಮನೆಯಲ್ಲಿ ಅದನ್ನೇ ನಡೆಸುತ್ತಿದ್ದೇವೆ. ಕಡೂರು ಸೀಮೆಯ ಕೆರೆಯ ಏರಿಗಳ ಮೇಲೂ ಗುಡಿಗಳ ಬದಿಯಲ್ಲೂ ವೀರಗಲ್ಲುಗಳು ನಿಂತಿವೆ. ಕೆಳಗೆ ಕಾದುತ್ತಿರುವ ವೀರ, ನಡುವೆ ಅವನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಆ ಕಲ್ಲನ್ನು ನಿಲ್ಲಿಸಿದವರಿಗೆ, ನೋಡುವವನಿಗೆ ಅಕ್ಷರ ಬರುತ್ತದೆಯೇ ಎಂಬ ಚಿಂತೆಯಿರಲಿಲ್ಲ. ಅವನಿಗೂ ಕಥೆ ಮುಟ್ಟಬೇಕೆಂಬ ಚಿಂತೆಯಿತ್ತು. ಅಕ್ಷರವಿಲ್ಲದವನಿಗೆ ಕಲ್ಲಿನಲ್ಲಿ ಕಥೆ ಕೊಟ್ಟ ನಾಡು, ಕಣ್ಣಿಲ್ಲದವನಿಗೆ ಧ್ವನಿಯಲ್ಲಿ ಕೊಡಲು ಹಿಂದೆಗೆಯಬೇಕೆ? ನೆಲದ ಮೈನು ತೆಗೆದು ಬೇರೆಯವರಿಗೆ ದಾರಿ ಮಾಡಿಕೊಟ್ಟವರು ಈಗ ಪುಸ್ತಕದೊಳಗೆ ಹೋಗಲು ಒಂದು ದಾರಿ ಕೇಳುತ್ತಿದ್ದಾರೆ. ಅದನ್ನು ಮಾಡಿಕೊಡುವುದು ಅಕ್ಷರ ಬಲ್ಲ ನಮ್ಮ ಪಾಲಿಗೆ ಉಪಕಾರವಲ್ಲ, ಬಾಕಿ ಉಳಿದ ಸಾಲ.